ಹೇಳಿಕೊಟ್ಟವರು

ದೊರೆಗೆ ಬಾಲ್ಯದಲ್ಲಿ ರಾಜನೀತಿ ಕಲಿಸಿದವರು ಚೆನ್ನವೀರಯ್ಯ. ಈಗ ಆ ದೊರೆಯ ಹೆಸರೆತ್ತಲು ಊರೇ ಹೆದರುತ್ತಿತ್ತು. ಅವರ ಇನ್ನೊಬ್ಬ ಶಿಷ್ಯ ಬಸಲಿಂಗ ಮಾತ್ರ ಸಂತೆಯ ನಡುವೆ ನಿಂತು, "ಪ್ರಶ್ನೆಗೆ ಹೆದರುವವನು ದೊರೆಯಲ್ಲ" ಎಂದುಬಿಟ್ಟ. ಅವನನ್ನು ಗಲ್ಲಿಗೇರಿಸಲು ಅಪ್ಪಣೆಯಾಯಿತು.

ಅವನ ತಾಯಿ ಈರವ್ವ ಬಂದು ಸೆರಗೊಡ್ಡಿದಳು. "ನಿಮ್ಮ ಮಾತನ್ನು ದೊರೆ ತೆಗೆದುಹಾಕುವುದಿಲ್ಲ, ಅಯ್ಯನವರೇ. ಒಂದು ಸಲ ಹೇಳಿ ನೋಡಿ."

ಚೆನ್ನವೀರಯ್ಯ ಅವಳನ್ನು ಅರಮನೆಯ ಬಾಗಿಲಲ್ಲಿ ಕೂರಿಸಿ ಒಳಗೆ ಹೋದರು. ದೊರೆ ಎದ್ದು ಬಂದು ನಮಸ್ಕರಿಸಿದ, ಕೈಹಿಡಿದು ಪಕ್ಕದಲ್ಲೇ ಕೂರಿಸಿಕೊಂಡ.

"ಬಸಲಿಂಗನಿಗೆ ಜೀವದಾನ ಮಾಡಬೇಕು" ಎಂದರು ಅವರು.

"ಆಗಲಿ ಗುರುಗಳೇ. ಆ ಮಾತು ಅವನದಲ್ಲ ಎಂದು ನನಗೂ ಗೊತ್ತು. ಚಿಕ್ಕಂದಿನಲ್ಲಿ ನನಗೂ ಯಾರೋ ಅದನ್ನೇ ಹೇಳಿಕೊಟ್ಟಿದ್ದರು. ಯಾರೆಂದು ಎಷ್ಟು ಕೇಳಿದರೂ ಅವನು ಬಾಯಿ ಬಿಡುತ್ತಿಲ್ಲ. ಹೇಳಿಕೊಟ್ಟವರು ಸಿಕ್ಕರೆ ಅವರನ್ನು ಗಲ್ಲಿಗೇರಿಸಿ ಇವನನ್ನು ಈಗಲೇ ಬಿಟ್ಟುಬಿಡುತ್ತೇನೆ." ದೊರೆ ಅವರ ಕಣ್ಣನ್ನೇ ನೋಡುತ್ತ ಮೆಲ್ಲಗೆ ಕೇಳಿದ, "ನಿಮಗೇನಾದರೂ ಗೊತ್ತೇ?"

ಕೆಳಗಿನ ಸೆರೆಮನೆಯಿಂದ ಸರಪಳಿ ಎಳೆದ ಸದ್ದು ಕೇಳಿಸಿತು. ಚೆನ್ನವೀರಯ್ಯ ತಲೆ ತಗ್ಗಿಸಿದರು. ದೊರೆ ಬಹಳ ಹೊತ್ತು ಕಾದ. ಆಮೇಲೆ ತಾನೇ ಅವರನ್ನು ಎಬ್ಬಿಸಿ, ಶಾಲು ಹೊದಿಸಿ ಕಳಿಸಿಕೊಟ್ಟ.

ಬಾಗಿಲಲ್ಲಿ ಈರವ್ವ ಎದ್ದು ನಿಂತಳು.

"ಎಷ್ಟು ಹೇಳಿದರೂ ಕೇಳಲಿಲ್ಲ, ತಾಯಿ" ಎಂದರು ಚೆನ್ನವೀರಯ್ಯ.

ಅವಳು ಕಣ್ಣೊರೆಸಿಕೊಂಡು ಅವರ ಪಾದಕ್ಕೆ ಹಣೆ ಹಚ್ಚಿದಳು. "ಅವನೆದುರು ನೀವಾದರೂ ಬಾಯಿ ತೆರೆದಿರಲ್ಲ, ಅಷ್ಟೇ ಸಾಕು."