ಕಿವುಡು ಚಿಟ್ಟೆ

ಸರಿಯಾದ ಹೆಸರು ಹಿಡಿದು ಕರೆದರೆ ಎದ್ದು ಹಾರಿಹೋಗುವುದು ಸಂಗ್ರಹಾಲಯದ ಸತ್ತ ಚಿಟ್ಟೆಗಳ ವಾಡಿಕೆ. ಬೆಳಗಿನಿಂದ ನೂರಾ ಹನ್ನೆರಡನ್ನು ಕರೆದು ಕಳಿಸಿದ್ದ ವಾರಿಜಾಳ ಗಂಟಲು ಒಣಗಿತ್ತು. ಮಗಳ ಜ್ವರದಿಂದ ರಾತ್ರಿಯಿಡೀ ಎಚ್ಚರವಿದ್ದ ಕಣ್ಣು ಉರಿಯುತ್ತಿತ್ತು. ಪೆಟ್ಟಿಗೆಗೆ ಬೂಷ್ಟು ಹಿಡಿದಿದ್ದರಿಂದ, ಸಂಜೆಯೊಳಗೆ ಏಳದ ಚಿಟ್ಟೆಗಳನ್ನು ಸುಡಬೇಕೆಂದು ಮೇಲಿನವರ ಆಜ್ಞೆ. ಆ ಪೆಟ್ಟಿಗೆಯಲ್ಲಿ ಉಳಿದದ್ದು ಒಂದೇ. ಕರಿ ರೆಕ್ಕೆ, ಕೆಂಪು ಚುಕ್ಕೆ.

ಅದನ್ನು ನಲವತ್ತು ವರ್ಷದ ಹಿಂದೆ ಹಿಡಿದು ಹೆಸರು ಬರೆದಿಟ್ಟವರು, ಅವಳಿಗೆ ಪಾಠ ಹೇಳಿದ ಮೇಷ್ಟ್ರು ದೇಶಿಕಾಚಾರ್ಯರು, ಎದುರಿಗೇ ಕೂತಿದ್ದರು.

“ಕ್ರಿಮ್ಸನ್ ರೋಸ್!” ಎಂದು ಚೀಟಿಯಲ್ಲಿದ್ದ ಹೆಸರನ್ನು ಮೂರನೆಯ ಸಲ ಕೂಗಿದರು. ಚಿಟ್ಟೆ ಮಿಸುಕಲಿಲ್ಲ. “ಕಿವುಡು ಮುಂಡೇದು ಕಣಮ್ಮ ಇದು.”

ರೋಸ್ ಆಗಿದ್ದರೆ ಮೈಯೂ ಕೆಂಪಗಿರಬೇಕಿತ್ತು, ಇದರದು ಕಪ್ಪು. ಹಕ್ಕಿಗಳನ್ನು ಏಮಾರಿಸಲು ವಿಷವಿರುವ ರೋಸಿನ ವೇಷ ಹಾಕುವ ಬೇರೆ ಚಿಟ್ಟೆ ಇದು. ವಾರಿಜಾಳಿಗೆ ಬೆಳಿಗ್ಗೆಯೇ ಗೊತ್ತಾಗಿತ್ತು, ಹೇಳಲು ಬಾಯಿ ಬಂದಿರಲಿಲ್ಲ. ಹೊರಗೆ ಜವಾನ ಸೀಮೆಎಣ್ಣೆ ಡಬ್ಬಿ ತಂದಿಟ್ಟ ಸದ್ದಾಯಿತು.

“ತಪ್ಪು ತಿಳ್ಕೋಬೇಡಿ ಸರ್,” ಎಂದವಳು ಬಗ್ಗಿ ಮೆಲ್ಲಗೆ ಕರೆದಳು, “ಕಾಮನ್ ಮಾರ್ಮನ್, ಹೆಣ್ಣು.”

ಚಿಟ್ಟೆ ಸೂಜಿ ಕೊಡವಿಕೊಂಡು ಎದ್ದು, ಮೇಷ್ಟ್ರ ಬೋಳುತಲೆಗೆ ಒಂದು ಸುತ್ತು ಹಾಕಿ, ಕಿಟಕಿಯಾಚೆ ಹೊರಟುಹೋಯಿತು.

ಮೇಷ್ಟ್ರು ಪೆಟ್ಟಿಗೆಯಲ್ಲಿ ಉಳಿದ ತಮ್ಮ ಚೀಟಿಯನ್ನು ಕಿತ್ತು ತೆಗೆದರು. “ನಲವತ್ತು ವರ್ಷ ಸುಮ್ನೆ ಕೂರಿಸಿಬಿಟ್ಟೆನಲ್ಲಮ್ಮ ಅದನ್ನ.”

ವಾರಿಜಾ ಆಗಲೇ ಬ್ಯಾಗು ಹೆಗಲಿಗೇರಿಸಿದ್ದಳು. ಮೇಷ್ಟ್ರು ಪಕ್ಕದ ಬೀರುವಿನತ್ತ ಬೆರಳು ತೋರಿಸಿದರು. “ಅಲ್ಲಿ ಇನ್ನೂ ಆರು ಪೆಟ್ಟಿಗೆ ಇದೆ. ಅವಕ್ಕೂ ಹೆಸರು ಬರೆದೋನು ನಾನೇ.”

ವಾರಿಜಾ ಬ್ಯಾಗು ಇಳಿಸಿ, ಒಂದು ಲೋಟ ನೀರು ಕುಡಿದು, ಗಂಟಲು ಸರಿಮಾಡಿಕೊಂಡಳು.