ಪೊಟರೆಯಿಂದ ಬಿದ್ದ ಮರಿ

ಟೆರೇಸಿನ ಮೇಲೆ ಬಟ್ಟೆ ಒಣಹಾಕುತ್ತಿದ್ದ ಜಾನ್ಸಿಗೆ ಕೆಳಗಿನ ಬೀದಿಯಲ್ಲಿ ಕಾಗೆಗಳು ಒಂದೇ ಸಮನೆ ಕಿರುಚುವುದು ಕೇಳಿಸಿತು. ಬಗ್ಗಿ ನೋಡಿದಳು. ಮನೆ ಮುಂದಿನ ಗುಲ್‌ಮೊಹರ್ ಮರದ ಬುಡದಲ್ಲಿ, ಉದುರಿದ ಹೂಗಳ ನಡುವೆ ಬೂದು ಬಣ್ಣದ್ದೊಂದು ಉಂಡೆ. ಕಾಗೆಗಳು ಸರದಿಯ ಮೇಲೆ ಬಂದು ಅದನ್ನು ಕುಕ್ಕುತ್ತಿದ್ದವು. ಕೈಯಲ್ಲಿದ್ದ ಒದ್ದೆ ಟವೆಲಿನ ಸಮೇತ ಮೆಟ್ಟಿಲಿಳಿದು ಓಡಿದಳು. ಟವೆಲ್ ಬೀಸಿ ಕಾಗೆಗಳನ್ನು ಅಟ್ಟಿ, ಅದರಲ್ಲೇ ಸುತ್ತಿ ಎತ್ತಿಕೊಂಡಾಗ ಎರಡು ದುಂಡು ಹಳದಿ ಕಣ್ಣುಗಳು ಅವಳನ್ನೇ ದಿಟ್ಟಿಸಿದವು.

"ಅಯ್ಯೋ, ಗೂಬೆ ಮರಿ ಕಣಮ್ಮ ಅದು!" ಪಕ್ಕದ ಮನೆ ಭಾಗ್ಯಮ್ಮ ಗೇಟಿನಾಚೆಯಿಂದಲೇ ಕೂಗಿದರು. "ಮನೆಯೊಳಕ್ಕೆ ಮಾತ್ರ ತಗೊಂಡೋಗ್ಬೇಡ. ರಜಕ್ಕೆ ಅಂತ ಬಂದಿದ್ದೀಯ, ಯಾಕೆ ಬೇಕು ನಿನಗೆ?"

"ಎದೆ ಹೆಂಗೆ ಹೊಡ್ಕೊಳ್ತಿದೆ ನೋಡಿ ಭಾಗ್ಯಮ್ಮ, ಪಾಪ," ಎಂದಳು ಜಾನ್ಸಿ. ನರ್ಸಿನ ಬೆರಳುಗಳು ಆಗಲೇ ಮರಿಯ ರೆಕ್ಕೆ, ಕಾಲುಗಳನ್ನು ತಡವಿ ನೋಡಿದ್ದವು. ಎಲ್ಲೂ ಮುರಿದಿರಲಿಲ್ಲ.

ಗಲಾಟೆ ಕೇಳಿ ಗಂಡ ಜ್ಞಾನಪ್ರಕಾಶ್ ಹೊರಗೆ ಬಂದ. ಅಗ್ರಹಾರದಲ್ಲಿ ಅವನದೊಂದು ಹಾರ್ಡ್‌ವೇರ್ ಅಂಗಡಿ. ಬಾಗಿಲು ತೆಗೆಯಲು ಹೊರಡುವ ಹೊತ್ತು. ಮರಿಯನ್ನು ನೋಡಿದವನೇ ತಲೆಯೆತ್ತಿ ಮರದತ್ತ ಕೈ ತೋರಿದ. "ಅಗೋ, ಆ ಪೊಟರೆಯಿಂದ ಬಿದ್ದಿರೋದು. ನಾಲ್ಕೈದು ವರ್ಷದಿಂದ ಅಲ್ಲೇ ಸಂಸಾರ ಅವಕ್ಕೆ. ಸಂಜೆ ಆದ್ರೆ ಗಂಡ ಹೆಂಡ್ತಿ ಎರಡೂ ಕರೆಂಟ್ ತಂತಿ ಮೇಲೆ ಒತ್ಕೊಂಡು ಕೂತಿರ್ತವೆ. ನಾನು ಗೇಟ್ ಹಾಕೋಕೆ ಬಂದ್ರೆ ತಲೆ ಮೇಲೆ ಕೆಳಗೆ ಮಾಡಿ ನೋಡ್ತವೆ."

ಜಾನ್ಸಿ ಅವನ ಮುಖವನ್ನೇ ನೋಡಿದಳು. "ದಿನಾ ಫೋನ್ ಮಾಡ್ತಿದ್ದೆ. ಒಂದು ದಿನಾನೂ ಹೇಳ್ಲಿಲ್ವಲ್ಲ?"

"ಗೂಬೆ ವಿಷಯ ಏನಂತ ಹೇಳೋದು? ನೀನು ಡ್ಯೂಟಿ ಮುಗಿಸ್ಕೊಂಡು ಸುಸ್ತಾಗಿರ್ತಿದ್ದೆ."

ಮಗಳು ಹೆಲನ್‌ಳ ಓದಿನ ಖರ್ಚಿಗೆಂದು ಜಾನ್ಸಿ ಕುವೈತಿನ ಆಸ್ಪತ್ರೆಯೊಂದಕ್ಕೆ ನರ್ಸಾಗಿ ಹೋಗಿದ್ದಳು. ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ಲಕ್ಷ್ಮೀಪುರಂನ ಈ ಮನೆ. ಈ ಸಲ ಬಂದಾಗಿನಿಂದ ಗಂಡ ಹೆಂಡತಿ ಒಬ್ಬರಿಗೊಬ್ಬರು ನೆಂಟರ ಹಾಗೆ ಎಚ್ಚರಿಕೆಯಿಂದ ನಡೆದುಕೊಳ್ಳುತ್ತಿದ್ದರು. ಕಾಫಿಗೆ ಸಕ್ಕರೆ ಎಷ್ಟು ಎಂದು ಅವನು ದಿನಾ ಬೆಳಿಗ್ಗೆ ಕೇಳುತ್ತಿದ್ದ. ಹೆಲನ್‌ಳ ಓದು ಮುಗಿಯುತ್ತ ಬಂದಿತ್ತು. ಆದರೂ ಆಸ್ಪತ್ರೆಯವರು ಇನ್ನೆರಡು ವರ್ಷ ಇರುತ್ತೀರಾ ಎಂದು ಕೇಳಿದ್ದಾರೆ ಅಂತ ಬಂದ ದಿನವೇ ಜಾನ್ಸಿ ಗಂಡನಿಗೆ ಹೇಳಿದ್ದಳು. ಅವನು ಪೇಪರ್ ಮಡಿಸುತ್ತ "ನಿನ್ನಿಷ್ಟ" ಎಂದಿದ್ದ. ಅಷ್ಟೇ. ಅದು ತನ್ನ ಮೇಲಿನ ಗೌರವವೋ, ಅಥವಾ ತಾನಿಲ್ಲದ ಮನೆ ಅವನಿಗೆ ಒಗ್ಗಿಹೋಗಿದೆಯೋ ಎಂಬುದು ಅವಳಿಗೆ ಗೊತ್ತಾಗಿರಲಿಲ್ಲ. ಆ ಮಾತನ್ನು ಮತ್ತೆ ಎತ್ತಲು ಹೆದರಿಕೆ. ಆಸ್ಪತ್ರೆಗೆ ಉತ್ತರ ಕಳಿಸಲು ಮಾತ್ರ ಹೆಚ್ಚು ದಿನ ಉಳಿದಿರಲಿಲ್ಲ.

"ಕೆಳಗೆ ಬಿಟ್ರೆ ಕಾಗೆ ಬಿಡಲ್ಲ," ಎನ್ನುತ್ತ ಜ್ಞಾನಪ್ರಕಾಶ್ ಹಿತ್ತಲಿನಿಂದ ಏಣಿ ತಂದು ಮರಕ್ಕೆ ಒರಗಿಸಿದ. ಲುಂಗಿಯನ್ನು ಎತ್ತಿ ಕಟ್ಟಿದ. ಮರಿಯನ್ನು ಒಂದು ಬಟ್ಟೆ ಚೀಲದಲ್ಲಿಟ್ಟು ಕೊರಳಿಗೆ ನೇತುಹಾಕಿಕೊಂಡ.

"ಈ ವಯಸ್ಸಲ್ಲಿ ಮರ ಹತ್ತೋದು ಬೇಡ ರೀ. ಯಾರನ್ನಾದ್ರೂ ಕರೆಯೋಣ."

"ನೀನು ಗಟ್ಟಿಯಾಗಿ ಹಿಡ್ಕೋ, ಸಾಕು."

ಅವಳು ಎರಡೂ ಕೈಯಲ್ಲಿ ಏಣಿ ಹಿಡಿದು, ಕೆಳಗಿನ ಮೆಟ್ಟಿಲಿಗೆ ಕಾಲು ಒತ್ತಿ ನಿಂತಳು. ಅವನು ಪೊಟರೆಯ ಎತ್ತರ ಮುಟ್ಟುತ್ತಿದ್ದಂತೆ ಕೊಂಬೆಯ ಮರೆಯಿಂದ ತಾಯಿ ಗೂಬೆ ಸರ್ರನೆ ಬಂದು ಅವನ ಬೋಳು ನೆತ್ತಿಗೆ ಎರಗಿತು. ಏಣಿ ಒಂದು ಪಕ್ಕಕ್ಕೆ ವಾಲಿತು. ಭಾಗ್ಯಮ್ಮ "ಸ್ವಾಮೀ!" ಎಂದು ಚೀರಿದರು. ಜಾನ್ಸಿ ತನ್ನ ಮೈಭಾರವನ್ನೆಲ್ಲ ಹಾಕಿ ಏಣಿಯನ್ನು ಮರಕ್ಕೆ ಒತ್ತಿದಳು. ಅವನು ಕಾಂಡವನ್ನು ಅಪ್ಪಿಕೊಂಡು ಕೊಂಚ ಹೊತ್ತು ಹಾಗೇ ಇದ್ದು, ಆಮೇಲೆ ಚೀಲದಿಂದ ಮರಿಯನ್ನು ತೆಗೆದು ಮೆಲ್ಲಗೆ ಪೊಟರೆಯೊಳಗೆ ಬಿಟ್ಟ.

"ಇನ್ನೂ ಎರಡು ಮರಿ ಇವೆ ಒಳಗೆ," ಎಂದ ಮೇಲಿನಿಂದಲೇ. "ಇದಕ್ಕೆ ಜಾಗ ಮಾಡ್ಕೊಡ್ತಿವೆ."

"ಸರಿ, ಇಳೀರಿ ಈಗ."

ಅವನು ಇಳಿಯಲಿಲ್ಲ. ಭಾಗ್ಯಮ್ಮ ಎದೆ ನೀವಿಕೊಳ್ಳುತ್ತ ಒಳಗೆ ಹೋದರು. ಬೀದಿಯಲ್ಲಿ ಬೇರೆ ಯಾರೂ ಇರಲಿಲ್ಲ. ಕೆಳಗೆ ನಿಂತ ಜಾನ್ಸಿಗೆ ಕಾಣುತ್ತಿದ್ದುದು ಅವನ ಒಡೆದ ಹಿಮ್ಮಡಿಗಳು ಮಾತ್ರ.

"ಜಾನ್ಸಿ," ಎಂದ ಅವನು, ಮರಕ್ಕೆ ಹೇಳುವವನಂತೆ. "ಅವತ್ತು ನಿನ್ನಿಷ್ಟ ಅಂದ್ಬುಟ್ಟೆ. ನನ್ನಿಷ್ಟ ಏನು ಅಂತ ನೀನು ಕೇಳ್ತೀಯ ಅನ್ಕೊಂಡಿದ್ದೆ. ಇನ್ನೆರಡು ವರ್ಷ ಬೇಡ. ಬಂದ್ಬುಡು."

ಏಣಿಯ ಮೇಲಿದ್ದ ಅವಳ ಕೈ ಸಡಿಲವಾಗಲಿಲ್ಲ. "ಮೊದ್ಲು ಇಳೀರಿ ರೀ," ಎಂದಳು.

ಜಗುಲಿಯ ಮೇಲೆ ಅವನನ್ನು ಕೂರಿಸಿ, ನೆತ್ತಿಯ ಗೀರುಗಳನ್ನು ತೊಳೆದು ಔಷಧಿ ಹಚ್ಚಿದಳು. ಉರಿಗೆ ಅವನು ಕಣ್ಣು ಮುಚ್ಚಿಕೊಂಡ. ಹೊಸ ಕರಾರಿಗೆ ಸಹಿ ಹಾಕುವುದಿಲ್ಲವೆಂದು ಆಸ್ಪತ್ರೆಗೆ ಇವತ್ತೇ ಬರೆದು ಕಳಿಸುವುದಾಗಿಯೂ, ಈಗಿನದು ಮುಗಿಯುತ್ತಲೇ ಕ್ರಿಸ್‌ಮಸ್ಸಿಗೆ ಮುಂಚೆ ಬಂದುಬಿಡುವುದಾಗಿಯೂ ಹೇಳಿದಳು. ಅವನು "ಹೂಂ" ಎಂದ. ಹತ್ತಿ ಒತ್ತುತ್ತಿದ್ದ ಅವಳ ಕೈಯನ್ನು ಹಿಡಿದುಕೊಂಡವನು ಬಿಡಲಿಲ್ಲ.

"ಇಷ್ಟು ಹೇಳೋಕೆ ಮರ ಹತ್ತಬೇಕಾಯ್ತಾ ನಿಮಗೆ?"

"ಕೆಳಗಿದ್ದಿದ್ರೆ," ಎಂದ ಜ್ಞಾನಪ್ರಕಾಶ್, ಇನ್ನೂ ಕಣ್ಣು ಮುಚ್ಚಿಕೊಂಡೇ, "ನಿನ್ನ ಮುಖ ಕಾಣ್ತಿತ್ತು."