ಹಳೆಯದರ ದನಿ

ರೇಷನ್ ಕಾರ್ಡಿನ ಹೊಸ ವೆಬ್ ಆ್ಯಪ್ ಸರ್ವರ್ ಬೋನಿಗೆ ಇಳಿಯುವ ಮೊದಲು, ಒಳಗಿರುವ ಹಳೆಯ ಆ್ಯಪನ್ನು ಸಾಕಿದವರೇ ಕಡಿದು ಕೊಲ್ಲಬೇಕು. ಕಚೇರಿಯ ಪದ್ಧತಿಯೇ ಹಾಗೆ.

"ಹಳೇದನ್ನ ಕಡದಿಯೇನವಾ, ದಾಕ್ಷಾಯಿಣಿ?" ಮೇಲಂತಸ್ತಿನಿಂದ ಸಾಹೇಬರು ಕೂಗಿದರು.

"ಹೂನ್ರಿ ಸರ," ಎಂದು ಸುಳ್ಳು ಹೇಳಿದಳು. ಮೂರು ವರ್ಷ ಕೈತುತ್ತು ಹಾಕಿ ಬೆಳೆಸಿದ್ದರ ಮೇಲೆ ಮಚ್ಚೆತ್ತಲು ಕೈ ಏಳದೆ, ಬರೀ ನಿದ್ದೆಯ ಸೂಜಿ ಚುಚ್ಚಿ ಬೋನಿನ ಮೂಲೆಯಲ್ಲಿ ಮಲಗಿಸಿದ್ದಳು.

ಬೆಳಿಗ್ಗೆಯಷ್ಟೇ ಕಟ್ಟಿ ಮುಗಿಸಿದ ಹೊಸದರ ಮೈ ಇನ್ನೂ ಬೆಚ್ಚಗಿತ್ತು. ಅದನ್ನು ಬೋನಿಗಿಳಿಸಿ ಸ್ವಿಚ್ ಒತ್ತಿದ್ದೇ ತಡ, ಹಳೆಯದು ಎಚ್ಚೆತ್ತು ಹೊಸದರ ಗಂಟಲಿಗೆ ಬಾಯಿ ಹಾಕಿತು. ಎಲುಬು ಲಟಕ್ಕನೆ ಮುರಿಯಿತು. ರಕ್ತ ಅವಳ ಮುಖಕ್ಕೆ ಸಿಡಿಯಿತು.

ಕೌಂಟರಿನ ಕಿಟಕಿ ತೆರೆಯಿತು. ಹೊರಗೆ ಜನ ಸಾಲುಗಟ್ಟಿದ್ದರು.

"ನಮಸ್ಕಾರ, ನಿಮ್ಮ ಕಾರ್ಡ್ ನಂಬರ್ ಹೇಳಿ," ಅವಳೇ ಕಲಿಸಿದ ಸವಿದನಿಯಲ್ಲಿ ಹಳೆಯದು ಕೇಳಿತು.

"ಶಬಾಶ್! ಹೊಸಾದು ಎಷ್ಟು ಚಂದ ಮಾತಾಡತೈತಿ!" ಎಂದರು ಸಾಹೇಬರು ಮೇಲಿನಿಂದಲೇ.

ದಾಕ್ಷಾಯಿಣಿ ಸೆರಗಿನಿಂದ ಹಳೆಯದರ ಬಾಯಿಗಂಟಿದ ರಕ್ತ ಒರೆಸಿದಳು.